ಸೊಂಟ ಬಂದ ಶಾಲು

ಮಳವಳ್ಳಿಯ ಬಿಸಿಲಲ್ಲಿ ಕೂತು ಮಫ್ಲರ್ ಹೆಣೆಯುವ ಮನುಷ್ಯನಿಗೆ ಊರು ಏನನ್ನುತ್ತದೋ ಅದನ್ನೇ ತಿರುನಾರಾಯಣ ಮೇಷ್ಟರಿಗೂ ಅಂದಿತ್ತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದ ವರ್ಷವೇ ಅವರು ಬಚ್ಚಲಲ್ಲಿ ಜಾರಿ ಮಂಡಿ ಮುರಿದುಕೊಂಡರು. ಮೂರು ತಿಂಗಳು ಮಂಚವೇ ಗತಿ. ಪೇಪರು ಓದಿ ಮುಗಿಸಿ, ಹೆಂಡತಿ ರಂಜನಿಯ ಅಡುಗೆಗೆ ಮಲಗಿದಲ್ಲಿಂದಲೇ ಅಂಕ ಕೊಡತೊಡಗಿದಾಗ ಆಕೆಗೆ ತಡೆಯದಾಯಿತು. ತಾನು ಎಂದೋ ಅರ್ಧಕ್ಕೆ ಬಿಟ್ಟಿದ್ದ ಹೆಣಿಗೆಯ ಕಡ್ಡಿ, ನೂಲುಂಡೆ ತಂದು ಗಂಡನ ಕೈಗೆ ತುರುಕಿದಳು. ಬಾಯಿ ಮುಚ್ಚಿಸಲು ಕೊಟ್ಟದ್ದು ಕೈಗೆ ಅಂಟಿಕೊಂಡಿತು.

ಆಮೇಲೆ ಬೀದಿಯಲ್ಲಿ ಒಬ್ಬರನ್ನೂ ಅವರು ಬಿಡಲಿಲ್ಲ. ಕೆಲಸವೇನೋ ಅಚ್ಚುಕಟ್ಟು. ಒಂದು ಕುಣಿಕೆ ತಪ್ಪುತ್ತಿರಲಿಲ್ಲ, ಅಂಚು ಸ್ಕೇಲಿಟ್ಟು ಎಳೆದಂತೆ ಬರುತ್ತಿತ್ತು. ತೊಂದರೆ ಒಂದೇ, ಯಾರೂ ಹಾಕಿಕೊಳ್ಳುತ್ತಿರಲಿಲ್ಲ. ಎದುರುಮನೆಯ ಸೌಮ್ಯ ಟೋಪಿಯನ್ನು ಮಿಕ್ಸಿಗೆ ತೊಡಿಸಿದ್ದಳು. ಹಾಲು ಹಾಕುವ ಕೆಂಪಯ್ಯ ಮಫ್ಲರನ್ನು ಕರುವಿನ ಕೊರಳಿಗೆ ಕಟ್ಟಿದ್ದ.

“ಭಾಳ ಗಟ್ಟಿ ಅದೆ ಕಣೇಳಿ ಮೇಷ್ಟ್ರೆ. ಎಷ್ಟ್ ಜಗ್ಗಿದ್ರೂ ಕಿತ್ತೋಗಲ್ಲ,” ಎಂದು ಹೊಗಳಿದ್ದ ಬೇರೆ. “ಬ್ಯಾಸ್ರ ಮಾಡ್ಕೊಬ್ಯಾಡಿ. ನಮ್ಮ ಬಂಡೂರು ಕುರಿಗೇ ಈ ಬಿಸ್ಲಲ್ಲಿ ಉಣ್ಣೆ ಬ್ಯಾಡಾಗದೆ, ಇನ್ನು ಮನುಸ್ರಿಗೆ ಯಾಕೆ ಏಳಿ.”

ಮೇಷ್ಟರು ನಕ್ಕರು. ಒಳಗೆ ಮಾತ್ರ ಚುರುಕ್ ಎಂದಿತು. ತಾವು ಹೆಣೆದದ್ದನ್ನು ಒಬ್ಬರು, ಒಬ್ಬರೇ ಒಬ್ಬರು, ಮನಸಾರೆ ಮೈಮೇಲೆ ಹಾಕಿಕೊಂಡು ನಾಲ್ಕು ಜನರ ನಡುವೆ ಓಡಾಡಬೇಕು ಎಂಬ ಆಸೆ ಅವರಿಗೆ ನಿಜವಾಗಿಯೂ ಇತ್ತು.

ಈ ಯುಗಾದಿಯ ದಿನ ಒಬ್ಬಟ್ಟಿನ ಮೇಲೆ ತುಪ್ಪ ಹಾಕುತ್ತ ರಂಜನಿ ಒಂದು ಸುದ್ದಿ ಹೇಳಿದಳು. ರಾಮನವಮಿಯ ಸಂಗೀತಕ್ಕೆ ಅವಳ ಭಜನಾ ಮಂಡಳಿಯನ್ನು ಕರೆದಿದ್ದಾರೆ, ಈ ಸಲ ಒಂದು ಕೀರ್ತನೆ ಅವಳೊಬ್ಬಳೇ ಹಾಡಬೇಕಂತೆ. ಹತ್ತು ವರ್ಷದಿಂದ ಹಾರ್ಮೋನಿಯಂ ಹಿಂದೆ ಎರಡನೇ ಸಾಲಿನಲ್ಲಿ ಕೂತು ದನಿಗೂಡಿಸಿದವಳು ಅವಳು. ಯಾವ ಕೀರ್ತನೆ, ಯಾವ ರಾಗ ಎಂದು ಬೇರೆ ಗಂಡನಾದರೆ ಕೇಳುತ್ತಿದ್ದನೋ ಏನೋ. ಮೇಷ್ಟರು ಮೂರನೆಯ ಒಬ್ಬಟ್ಟಿಗೆ ಕೈ ಹಾಕಿ, “ಹಾಗಾದ್ರೆ ನಿನಗೊಂದು ಶಾಲು ಹೆಣೀತೀನಿ. ಹತ್ತಿ ನೂಲಿಂದು, ಸೆಕೆ ಆಗಲ್ಲ. ವೇದಿಕೆ ಮೇಲೆ ಹೊದ್ದುಕೊ,” ಎಂದರು.

“ಹೊದೆಯೋ ಹಾಗಿದ್ರೆ ಹೊದೀತೀನಿ,” ಎಂದಳು ರಂಜನಿ. ಮೇಷ್ಟರ ಪಾಲಿಗೆ ಅದು ಬರೆದುಕೊಟ್ಟ ಪತ್ರ.

ಹಬ್ಬದ ಮಾರನೆಯ ದಿನ, ಹೊಸತೊಡಕಿನಂದೇ, ನೂಲು ತರಲು ಮಂಡ್ಯಕ್ಕೆ ಹೊರಟರು. ನೇರ ಬಸ್ಸಿದ್ದರೂ ಮದ್ದೂರಿನ ಮೇಲೆ ಹೋದರು. ನಡುವೆ ವಡೆ ಸಿಗುವ ದಾರಿಯೇ ಹತ್ತಿರದ ದಾರಿ ಎಂಬುದು ಅವರ ರೇಖಾಗಣಿತ. ಬರುವಾಗಲೂ ಅದೇ ಗಣಿತ. ರಂಜನಿಗೆಂದು ಕಟ್ಟಿಸಿದ ಎರಡು ವಡೆಯಲ್ಲಿ ಒಂದು ಮನೆ ಮುಟ್ಟಿತು, ನವಿಲು ಬಣ್ಣದ ನೂಲು ಪೂರ್ತಿ ಮುಟ್ಟಿತು.

ಹೆಣಿಗೆಗೂ ಅವರದೇ ಕ್ರಮವಿತ್ತು. ಸಾಲಿಗೆ ಅರವತ್ತನಾಲ್ಕು ಕುಣಿಕೆ, ಎಂಟೆಂಟರ ಎಂಟು ಗುಂಪು. ರಂಜನಿ ಬೆಳಗಿನ ಅಡುಗೆ ಮುಗಿಸಿ ಎಂಟು ಎಣಿಕೆಯ ಆದಿತಾಳ ಹಾಕುತ್ತ ಅಭ್ಯಾಸಕ್ಕೆ ಕೂತರೆ, ಬಾಯಲ್ಲಿ ಎಣಿಸುವ ಕೆಲಸವೇ ತಪ್ಪಿತಲ್ಲ ಎಂದು ಇವರು ಆ ತಾಳಕ್ಕೇ ಕಡ್ಡಿ ಆಡಿಸತೊಡಗಿದರು. ಒಂದು ಪೆಟ್ಟಿಗೆ ಒಂದು ಕುಣಿಕೆ. ನೂಲು ತಾನಾಗಿ ಓಡುತ್ತಿತ್ತು.

ನಾಲ್ಕನೆಯ ದಿನ ಹಾಲಿನ ಕ್ಯಾನು ಇಳಿಸಿದ ಕೆಂಪಯ್ಯ ಜಗುಲಿಯ ಮೇಲೆ ಹಾಸಿದ್ದ ಶಾಲನ್ನು ತಲೆ ವಾರೆ ಮಾಡಿ ನೋಡಿದ. “ಇದೇನ್ ಮೇಷ್ಟ್ರೆ, ಇದ್ಕೆ ಸೊಂಟ ಬಂದ್ಬುಟ್ಟದಲ್ಲ. ಅದೂ ಒಂದಲ್ಲ, ಮೂರು.”

ಮೇಷ್ಟರು ಸ್ಕೇಲು ತಂದು ಅಳೆದರು. ನಿಜ. ಅಗಲವಾಗಿ ಶುರುವಾಗಿ, ಕಿರಿದಾಗಿ, ಮತ್ತೆ ಅಗಲ, ಮತ್ತೆ ಕಿರಿದು. ಕುಣಿಕೆ ಎಣಿಸಿದರೆ ಎಲ್ಲ ಸಾಲಿನಲ್ಲೂ ಅರವತ್ತನಾಲ್ಕೇ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಉತ್ತರ ಹೊಳೆಯಿತು. ಪಲ್ಲವಿಯಲ್ಲಿ ಸಾವಧಾನವಾಗಿರುವ ರಂಜನಿ ಚರಣಕ್ಕೆ ಬಂದೊಡನೆ ಓಡುತ್ತಾಳೆ. ತಾಳ ಓಡಿದರೆ ಕೈ ಬಿಗಿಯುತ್ತದೆ, ಕೈ ಬಿಗಿದರೆ ಶಾಲು ಸಣ್ಣಗಾಗುತ್ತದೆ. ಮೂರು ದಿನ, ಮೂರು ಚರಣ, ಮೂರು ಸೊಂಟ.

ಗೊತ್ತಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರೆ ಅವರು ಮೇಷ್ಟರೇ ಅಲ್ಲ. ಶಾಲನ್ನೂ ಸ್ಕೇಲನ್ನೂ ಹಿಡಿದು ಅಡುಗೆಮನೆಗೆ ಹೋಗಿ ಸಾಧಿಸಿ ತೋರಿಸಿದರು. “ನೋಡು, ಇಲ್ಲಿ ನೀನು ಓಡಿದೀಯ. ಇಲ್ಲೂ ಓಡಿದೀಯ. ನಿನ್ನೆ ಅಂತೂ ಎರಡು ಇಂಚು ಓಡಿದೀಯ.”

ರಂಜನಿ ಒಗ್ಗರಣೆ ಸೌಟು ಕೆಳಗಿಟ್ಟಳು. “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಎಂದಳು. ಅಷ್ಟೇ.

ಮಾರನೆಯ ಬೆಳಗ್ಗೆ ಅವಳು ಹಾಡಲಿಲ್ಲ. ಅದರ ಮಾರನೆಯ ಬೆಳಗ್ಗೆಯೂ ಇಲ್ಲ. ಮಂಡಳಿಯ ಗೆಳತಿಗೆ ಫೋನಿನಲ್ಲಿ, “ಒಬ್ಬಳೇ ಬೇಡ ಕಣೆ, ಎಲ್ಲರ ಜೊತೆ ಹಿಂದೆ ಕೂತ್ಕೋತೀನಿ,” ಎನ್ನುವುದು ಮೇಷ್ಟರ ಕಿವಿಗೆ ಬಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಮೂವತ್ತು ವರ್ಷ ಅವಳ ಹಾಡನ್ನು ಅವರು ಕುಕ್ಕರಿನ ಸೀಟಿಯ ಜೊತೆಗೆ ಸೇರಿಸಿಯೇ ಕೇಳಿದ್ದರು. ಮೊದಲ ಸಲ ಕಿವಿಗೊಟ್ಟದ್ದು ತಪ್ಪು ಹುಡುಕಲಿಕ್ಕೆ. ಅವರಿಗೆ ನಾಚಿಕೆಯಾಯಿತು. ಶಾಲು ಯಾರೂ ಹೊದೆಯದಿದ್ದರೆ ಇನ್ನೊಂದು ಹೆಣೆಯಬಹುದು, ಈ ವೇದಿಕೆ ತಪ್ಪಿದರೆ ಇವಳು ಮತ್ತೆ ಹತ್ತಲಾರಳು.

ಎರಡು ದಿನ ಮೌನದಲ್ಲೇ ಹೆಣೆದು ಮುಗಿಸಿದರು. ಹಬ್ಬದ ಹಿಂದಿನ ಮಧ್ಯಾಹ್ನ ಶಾಲನ್ನು ಅವಳ ಮುಂದೆ ಹರಡಿ ಕೂತರು. ಕ್ಷಮೆ ಕೇಳುವುದು ಅವರ ಸಿಲಬಸ್ಸಿನಲ್ಲಿ ಇರಲಿಲ್ಲ, ತಡವರಿಸಿದರು.

“ನೀನು ಹಾಡದೆ ಇದ್ದಾಗ ಹೆಣೆದದ್ದು ಈ ತುದಿ. ನೇರವಾಗಿದೆ, ನೋಡು. ನಾನು ಮಾಡಿದ ಮಫ್ಲರೆಲ್ಲ ಹೀಗೇ ನೇರವಾಗಿದ್ವು. ಕೊನೆಗೆ ಕರುವಿನ ಕೊರಳಿಗೆ ಹೋದ್ವು.” ಶಾಲಿನ ಇನ್ನೊಂದು ತುದಿ ಎಳೆದುಕೊಂಡರು. “ನಾನು ಹಾಗೆ ಹೇಳಬಾರದಿತ್ತು. ಸೊಂಟ ಬಂದಿರೋ ಅಷ್ಟನ್ನೂ ಬಿಚ್ಚಿಬಿಡ್ತೀನಿ. ನೀನು ಹಾಡು.”

ರಂಜನಿ ಬಟ್ಟೆಯ ಮೇಲೆ ಕೈಯಾಡಿಸಿದಳು. ಒಂದು ಕಿರಿದಾದ ಜಾಗದಲ್ಲಿ ಬೆರಳು ನಿಂತಿತು. “ಬಿಚ್ಚಬೇಡಿ,” ಎಂದು ಶಾಲನ್ನು ಮಡಿಸಿ ಒಳಗೆ ತೆಗೆದುಕೊಂಡು ಹೋದಳು. ಹಾಡುತ್ತಾಳೋ ಇಲ್ಲವೋ ಹೇಳಲಿಲ್ಲ.

ರಾಮನವಮಿಯ ಸಂಜೆ ಪೆಂಡಾಲಿನಲ್ಲಿ ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿದ್ದವು. ಮೇಷ್ಟರು ಕೋಸಂಬರಿಯ ದೊನ್ನೆ ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದರು, ಒಂದು ತುತ್ತೂ ಇಳಿದಿರಲಿಲ್ಲ. ಮಂಡಳಿಯವರು ಬಂದು ಕೂತರು. ಹಾರ್ಮೋನಿಯಮ್ಮಿನ ಮುಂದೆ, ಮೈಕಿನ ಹತ್ತಿರ, ನವಿಲು ಬಣ್ಣದ ಶಾಲು ಹೊದ್ದು ರಂಜನಿ ಕೂತಳು. ಡೊಂಕು ಕೊನೆಯ ಸಾಲಿನವರಿಗೂ ಕಾಣುತ್ತಿತ್ತು.

ಪಲ್ಲವಿ ಚೆನ್ನಾಗಿ ಬಂತು. ಚರಣಕ್ಕೆ ಬಂದಳು, ಓಡಿದಳು. ಮೃದಂಗದವನು ಹಿಂದೆ ಹಿಂದೆ ಅಟ್ಟಿಸಿಕೊಂಡು ಬಂದ. ಇಬ್ಬರೂ ಏದುಸಿರು ಬಿಡುತ್ತ ಪಲ್ಲವಿಗೆ ಮರಳಿ ಸೇರಿದಾಗ ಜನ ಚಪ್ಪಾಳೆ ಹೊಡೆದರು. ಮೇಷ್ಟರು ದೊನ್ನೆ ಚೆಲ್ಲಿದ್ದನ್ನೂ ನೋಡದೆ ಹೊಡೆದರು.

ಕೆಳಗಿಳಿದು ಬಂದ ರಂಜನಿಯ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಮೇಷ್ಟರು ಪಾನಕದ ಲೋಟ ಕೊಟ್ಟು ಶಾಲಿಗೆ ಕೈ ಚಾಚಿದರು. “ಹಾಡಿದ್ದಾಯ್ತಲ್ಲ, ಸೆಕೆ. ಇನ್ನು ತೆಗಿ.”

ಆಕೆ ಶಾಲನ್ನು ಇನ್ನಷ್ಟು ಎಳೆದುಕೊಂಡಳು.

“ಇರಲಿ ಬಿಡಿ,” ಎಂದಳು. “ಮೂವತ್ತು ವರ್ಷದಲ್ಲಿ ನೀವು ನನ್ನ ಹಾಡು ಪೂರ್ತಿ ಕೇಳಿದ್ರಿ ಅನ್ನೋದಕ್ಕೆ ಇರೋ ಸಾಕ್ಷಿ ಇದೊಂದೇ.”