ಲಾಲ್‌ಸಾಬ್ ಕಟ್ಟಿದ ಯುದ್ಧವಿಮಾನ

ಮಸ್ಕಿಯ ಲಾಲ್‌ಸಾಬನು ಹದಿನೈದು ವರ್ಷ ವಾಯುಪಡೆಯಲ್ಲಿ ವಿಮಾನಗಳ ವೈರ್‌ಲೆಸ್ ರಿಪೇರಿ ಮಾಡಿದವನು. ಮೇಲೆ ಹಾರುವವರ ದನಿ ಕೆಳಗಿನವರಿಗೆ ಕೇಳುವಂತೆ ಮಾಡುವುದು ಅವನ ಕೆಲಸ. ತಾನು ಮಾತ್ರ ಒಂದು ದಿನವೂ ಮೇಲೆ ಹೋದವನಲ್ಲ. ಸಿಂಧನೂರಿಗೆ ಬಂದು ರೇಡಿಯೋ ರಿಪೇರಿ ಅಂಗಡಿ ಇಟ್ಟ ಮೇಲೂ ಆ ಯುದ್ಧವಿಮಾನಗಳು ಅವನ ಕಣ್ಣೊಳಗೆ ಸುಳಿದಾಡುತ್ತಲೇ ಇದ್ದವು.

ಕಡೆಗೆ ಅಂಥದೊಂದು ಮಾದರಿಯನ್ನು ತಾನೇ ಕಟ್ಟಲು ಕುಳಿತನು. ಬಿದಿರಿನ ಕಡ್ಡಿ, ಹಗುರವಾದ ಬೆಂಡು, ಮದರಾಸಿನಿಂದ ತರಿಸಿದ ಪುಟ್ಟ ಎಂಜಿನ್ನು. ರೆಕ್ಕೆಗೆ ಹೊದಿಸಲು ಹೆಂಡತಿ ಶಂಶಾದ್‌ಬೀ ತನ್ನ ಮದುವೆಯ ರೇಷ್ಮೆ ಓಢಣಿ ಕೊಟ್ಟಳು.

“ಗಂಡ ಹಾರಿದ್ದಂತೂ ಕಾಣಲಿಲ್ಲ. ಓಢಣಿಯರ ಹಾರಲಿ ಬಿಡ್ರಿ” ಎಂದಳು.

ರೆಕ್ಕೆಯ ತುದಿಯಿಂದ ತುದಿಗೆ ಐದು ಮೊಳ. ಕೈಯಲ್ಲಿ ಹಿಡಿಯುವ ರೇಡಿಯೋ ಪೆಟ್ಟಿಗೆಯ ಗುಂಡಿಯನ್ನು ಒಮ್ಮೆ ಒತ್ತಿದರೆ ವಿಮಾನ ಬಲಕ್ಕೆ, ಎರಡು ಸಲ ಒತ್ತಿದರೆ ಎಡಕ್ಕೆ ತಿರುಗಬೇಕು.

ಇದು ಎರಡನೆಯದು. ಮೊದಲನೆಯದು ದೂರ ಹೋಗುವಾಗ ಚೆನ್ನಾಗಿಯೇ ಹೋಗಿತ್ತು. ಎದುರಾಗಿ ಬರುವಾಗ ಅದರ ಎಡ ಇವನಿಗೆ ಬಲವಾಗಿ ಕಂಡು, ತಬ್ಬಿಬ್ಬಾಗಿ ತಪ್ಪು ಒತ್ತಿದ್ದನು; ಅದು ನೆಲಕ್ಕೆ ಬಿದ್ದು ಚೂರಾಯಿತು. ಈಗ ವಯಸ್ಸಾಗಿ ಅವನ ಬೆರಳುಗಳು ನಡುಗತೊಡಗಿದ್ದವು. ಮೂರನೆಯದನ್ನು ಕಟ್ಟಲಾರೆನೆಂದು ಅವನಿಗೆ ಗೊತ್ತಿತ್ತು.

ಸಾವಿರದ ಒಂಬೈನೂರ ಎಪ್ಪತ್ತೆರಡರ ಬೇಸಿಗೆ. ಕಾಲುವೆಯ ನೀರು ನಿಂತಿತ್ತು. ಜವಳಗೇರಾದಲ್ಲಿ ಬಾಲ್ಯದ ಗೆಳೆಯ ಅಂಬಪ್ಪನ ಭತ್ತದ ಗದ್ದೆ ಕೊಯ್ಲಾಗಿ, ಹುಲ್ಲು ಹಾಸಿಕೊಂಡು ಮಲಗಿತ್ತು. ಬೆಳಗಿನ ತಂಪಿನಲ್ಲಿ ಕಾಲುವೆ ದಂಡೆಯ ಮಣ್ಣುರಸ್ತೆಯ ಮೇಲೆ ವಿಮಾನ ಓಡಿತು; ಓಡುತ್ತ ಓಡುತ್ತ ನೆಲವನ್ನು ಮರೆತುಬಿಟ್ಟಿತು.

ರೇಷ್ಮೆಯ ರೆಕ್ಕೆಯಲ್ಲಿ ಎಳೆಬಿಸಿಲು ಸೋಸಿ ಇಳಿಯುತ್ತಿತ್ತು. ಬೆಳ್ಳಕ್ಕಿಗಳು ದಾರಿ ಬಿಟ್ಟವು. ದೂರದಲ್ಲಿ ಅದು ಸುತ್ತು ಹೊಡೆದು, ಗದ್ದೆಯಲ್ಲಿ ನಿಂತಿದ್ದ ಗೆಳೆಯರಿಬ್ಬರತ್ತ ನೇರವಾಗಿ ಬಂತು. ಅದರ ಬಲರೆಕ್ಕೆ ಕೆಳಕ್ಕೆ ವಾಲಿತು. ಲಾಲ್‌ಸಾಬನ ಹೆಬ್ಬೆರಳು ಗುಂಡಿಯ ಮೇಲೆ ಕಲ್ಲಾಯಿತು. ಒಂದೋ? ಎರಡೋ?

“ಲೇ ಲಾಲ್ಯಾ!” ಅಂಬಪ್ಪ ಕೂಗಿದನು. “ಎತ್ತಿನ ಮುಂದ ನಿಂತು ಯಾವನರ ಗಾಡಿ ಹೊಡಿತಾನೇನಲೇ? ಹಿಂದ ಕುಂದ್ರು! ಅದರಾಗ ಹತ್ತಿ ಕುಂದ್ರು! ಎಡಗೋಲಿನ ಎತ್ತಿನ ಹಗ್ಗ ಜಗ್ಗು!”

ಲಾಲ್‌ಸಾಬ್ ಹತ್ತಿ ಕುಳಿತನು. ಕಾಲುಗಳು ಗದ್ದೆಯಲ್ಲಿಯೇ ಇದ್ದವು, ಅವನು ಮಾತ್ರ ಅಲ್ಲಿರಲಿಲ್ಲ. ಕೆಳಗೆ ಒಣಗಿದ ಕಾಲುವೆ ಬಿಚ್ಚಿಟ್ಟ ರುಮಾಲಿನಂತೆ ಬಿದ್ದಿತ್ತು. ಗದ್ದೆಗಳು ಚಾಪೆ ಚಾಪೆಯಾಗಿದ್ದವು. ಜವಳಗೇರಾದ ಮಣ್ಣಿನ ಮಾಳಿಗೆಗಳ ಮೇಲೆ ಮೆಣಸಿನಕಾಯಿ ಒಣಗುತ್ತಿದ್ದವು. ಗದ್ದೆಯ ನಡುವೆ ಕುಳ್ಳಗೆ ಇಬ್ಬರು ನಿಂತು ಬಾಯಿ ತೆರೆದು ನೋಡುತ್ತಿದ್ದರು. ಎಡ ಯಾವುದೆಂದು ಈಗ ಕೇಳಬೇಕಾಗಿರಲಿಲ್ಲ. ಬೆರಳು ತಾನೇ ಎರಡು ಸಲ ಒತ್ತಿತು. ವಾಲಿದ ರೆಕ್ಕೆ ಮೆಲ್ಲಗೆ ಮೇಲೆದ್ದಿತು.

ಎಷ್ಟು ಸುತ್ತಾದವೋ ಯಾರೂ ಎಣಿಸಲಿಲ್ಲ. ಎಣ್ಣೆ ತೀರಿ ಎಂಜಿನ್ನು ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ವಿಮಾನ ಗಾಳಿಯ ಮೇಲೆ ಜಾರುತ್ತ ಬಂದು, ಗದ್ದೆಯ ಹುಲ್ಲಿನ ಮೇಲೆ ಕುಳಿತಿತು. ಒಂದು ಗಾಲಿ ಕಳಚಿ ಉರುಳಿತು, ಮತ್ತೇನೂ ಆಗಲಿಲ್ಲ.

ಅಂಬಪ್ಪ ಆ ಗಾಲಿಯನ್ನು ಹೆಕ್ಕಿ ತಂದು ಗೆಳೆಯನ ಕೈಗಿಟ್ಟನು.

“ಏನ್ ಕಂಡ್ತೋ ಮ್ಯಾಲಿಂದ?” ಎಂದು ಅಂಬಪ್ಪ ಮೆಲ್ಲಗೆ ಕೇಳಿದನು.

ಲಾಲ್‌ಸಾಬ್ ಕಣ್ಣೊರೆಸಿಕೊಂಡನು.

“ನಿನ್ನ ಮಾಳಿಗಿ ಮ್ಯಾಲ ಹುಲ್ಲು ಬೆಳದೈತಲೇ. ಮಳಿಗಾಲ ಬರೂದ್ರಾಗ ಕಿತ್ತು ಹಾಕು.”