ಇಬ್ಬರಿಗೂ ಒಂದೇ ಬಾಗಿಲು

ಪುಣೆಯಲ್ಲಿ ಕನ್ನಡದವರೇನೂ ಕಡಿಮೆಯಿಲ್ಲ. ಆದರೂ ಆ ಬೆಳಿಗ್ಗೆ ಫ್ಲೈಓವರ್ ಕೆಳಗಿನ ಬಸ್‌ಸ್ಟಾಪಿನಲ್ಲಿ, ಕಂಬಕ್ಕೆ ಒರಗಿ ಕೂತಿದ್ದ ಹೆಂಗಸೊಬ್ಬಳು ಪಕ್ಕದಲ್ಲಿದ್ದ ಗಂಡನಿಗೆ "ಕಾಲ ಒಳಗ ತಗೊಳ್ರಿ, ಬಸ್ ಬಂತು" ಅಂದಾಗ ನನ್ನ ಹೆಜ್ಜೆ ನಿಂತುಬಿಟ್ಟಿತು. ಅದು ನನ್ನ ತವರು ವಿಜಯಪುರದ ಕಡೆಯ ಮಾತು. ಬ್ಯಾಂಕಿಗೆ ಹೋಗಬೇಕಿದ್ದ ನನ್ನ ಬಸ್ಸು ಹೋಯಿತು. "ಯಾವ ಊರ್ರಿ ನಿಮ್ಮದು?" ಎಂದು ಕೇಳಿದೆ.

ಆತ ಗೌಂಡಿ. ಹಿಂಜೇವಾಡಿಯ ಕಡೆ ಎದ್ದ ದೊಡ್ಡ ದೊಡ್ಡ ಕಟ್ಟಡಗಳಿಗೆ ಇಟ್ಟಿಗೆ ಇಟ್ಟವನು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋದವು. "ಕೆಲಸ ಇದ್ದಷ್ಟು ದಿನ ಇರಾಕ ತಗಡಿನ ಪತ್ರಾ ಶೆಡ್ ಕೊಟ್ಟಿದ್ರು. ಕಣ್ಣ ಹೋತು, ಕೆಲಸ ಹೋತು, ಶೆಡ್ಡೂ ಹೋತು" ಎಂದು ಆಕೆ ಹೇಳಿದಳು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. ಮಕ್ಕಳಿರಲಿಲ್ಲ. ಊರಲ್ಲಿ ಮನೆಯೂ ಉಳಿದಿರಲಿಲ್ಲ. ಆಕೆ ಹತ್ತಿರದ ಖಾನಾವಳಿಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಆಕೆ ಬರುವವರೆಗೆ ಆತ ಕಂಬ ಬಿಟ್ಟು ಕದಲುತ್ತಿರಲಿಲ್ಲ.

ಅಂದಿನಿಂದ ಅವರ ಜೊತೆ ನಾಲ್ಕು ಮಾತಾಡಲು ಬಸ್ಸಿಗೆ ಸ್ವಲ್ಪ ಮೊದಲೇ ಹೊರಡುವುದು ನನಗೆ ರೂಢಿಯಾಯಿತು. ಮಳೆಗಾಲ ಶುರುವಾದಾಗ ನಿರಾಶ್ರಿತರನ್ನು ಆಶ್ರಯಮನೆಗೆ ಕರೆದೊಯ್ಯುವ ಗಾಡಿ ಬಂದು ಇಬ್ಬರನ್ನೂ ಹತ್ತಿಸಿಕೊಂಡಿತು. ಖಾಲಿ ಕಂಬ ನೋಡಿ ನನಗೆ ನಿರಾಳವೆನಿಸಿತು.

ಆ ನಿರಾಳ ಎರಡು ದಿನವೂ ಬಾಳಲಿಲ್ಲ. ನಾನು ಹೇಳಿದ್ದ ಗುರುತಿನ ಮೇಲೆ ಹುಡುಕಿ ಬಂದು, ಬ್ಯಾಂಕಿನ ಬಾಗಿಲಲ್ಲಿ ಆಕೆ ಬರಿಗಾಲಲ್ಲಿ, ತೊಯ್ದು ತೊಪ್ಪೆಯಾಗಿ ನಿಂತಿದ್ದಳು. "ಅಕ್ಕಾರ, ಅವರು ಇಲ್ರಿ. ಎಲ್ಲೆ ಹೋದ್ರೋ ಗೊತ್ತಿಲ್ರಿ."

ಆಶ್ರಯಮನೆಯಲ್ಲಿ ಹೆಂಗಸರಿಗೆ ಒಂದು ಕಟ್ಟಡ, ಗಂಡಸರಿಗೆ ನದಿಯಾಚೆ ಇನ್ನೊಂದು. ಗಂಡಹೆಂಡಿರು ಒಟ್ಟಿಗಿರುವ ಜಾಗ ಎಲ್ಲಿಯೂ ಇರಲಿಲ್ಲ. ಹೆಂಡತಿ ಎಲ್ಲಿ ಎಂದು ಕೇಳುತ್ತ ಕೇಳುತ್ತ ಆತ ಬೆಳಿಗ್ಗೆ ಗೋಡೆ ಹಿಡಿದು ಹೊರಬಿದ್ದಿದ್ದ. ಅಲ್ಲಿಯ ಮೇಲ್ವಿಚಾರಕ ಒಳ್ಳೆಯ ಮನುಷ್ಯ. ಕೈ ಹಿಸುಕಿಕೊಳ್ಳುತ್ತ, "ತಾಯಿ, ಜನರನ್ನು ಬೀಗ ಹಾಕಿ ಇಟ್ಟುಕೊಳ್ಳುವುದಕ್ಕೆ ಆಗುತ್ತದೆಯೇ?" ಎಂದು ಮರಾಠಿಯಲ್ಲಿ ನನ್ನನ್ನೇ ಕೇಳಿದ.

ರಜೆ ಹಾಕಿ ಹುಡುಕಲು ಹೊರಟೆವು. ಸ್ಟೇಷನ್, ಮಂಡಯಿ ಮಾರುಕಟ್ಟೆ, ನದಿಯ ಸೇತುವೆಗಳು. ಆಕೆ ಎಲ್ಲ ಕಡೆ "ಎಲ್ಲಿದ್ದೀರ್ರೀ?" ಎಂದು ಕೂಗುತ್ತಿದ್ದಳು. ಹೆಸರು ಹಿಡಿದು ಕೂಗು ಅಂದರೆ ಆಗದೆಂದು ತಲೆಯಾಡಿಸಿದಳು. ಗಂಡನ ಹೆಸರು ಬಾಯಲ್ಲಿ ತಂದವಳಲ್ಲ. ಕೊನೆಗೆ ನನ್ನ ಕಿವಿಯಲ್ಲಿ ಹೇಳಿದಳು. ಮಧ್ಯಾಹ್ನವೆಲ್ಲ ಆ ಹೆಸರನ್ನು ನಾನು ಕೂಗಿದೆ. ಇಲ್ಲಿ ಅದನ್ನು ಬರೆಯುವುದಿಲ್ಲ.

ಹೊತ್ತು ಇಳಿಯುವಾಗ ಸಿಕ್ಕ. ಏಳುತ್ತಿದ್ದ ಒಂದು ಕಟ್ಟಡದ ಮುಂದೆ, ತಾಡಪತ್ರಿ ಹೊದಿಸಿದ ಮರಳಿನ ಗುಡ್ಡೆಯ ಪಕ್ಕ ಕೂತಿದ್ದ. ವಾಚ್‌ಮನ್ ಕೊಟ್ಟ ಚಹಾ ಕೈಯಲ್ಲೇ ಆರಿತ್ತು. "ಕಾಂಕ್ರೀಟ್ ಕಲಸೂ ಮಷೀನ್ ಸಪ್ಪಳ ಕೇಳ್ತು. ಅಲ್ಲೆ ನಮ್ಮ ಕಡೀ ಮಂದಿ ಇರ್ತಾರ, ಇಕೀನ್ನ ಹುಡಿಕಿ ಕೊಡ್ತಾರ ಅಂತ ಬಂದೆ" ಅಂದ. ಆಕೆ ಅವನ ಬೆನ್ನಿಗೆ ದಬದಬ ಗುದ್ದಿದಳು. ಆಮೇಲೆ ಅದೇ ಬೆನ್ನಿಗೆ ಮುಖ ಒತ್ತಿಕೊಂಡು ಅತ್ತಳು.

"ಬಯಲಾಗ ಇರ್ತೀವ್ರಿ. ಬ್ಯಾರೆ ಬ್ಯಾರೆ ಇರಾಕ ಆಗೂದಿಲ್ಲ" ಎಂದು ಇಬ್ಬರೂ ಫ್ಲೈಓವರಿಗೇ ಮರಳಿದರು.

ನನಗೆ ಕೂತಲ್ಲಿ ಕೂರಲಾಗದಂತಾಯಿತು. ಮಳೆ ಜೋರಾದರೆ ಊಟದ ನಡುವೆ ಎದ್ದು ಕಿಟಕಿಗೆ ಹೋಗುತ್ತಿದ್ದೆ. "ಅಲ್ಲೇನ ಕಾಣ್ತದ ನಿನಗ? ಬಾ, ಕೂಡು" ಎಂದು ನನ್ನವರು ಕರೆಯುತ್ತಿದ್ದರು. ಕೊನೆಗೆ ಅವರೇ, "ಹಿಂಗ ತಿರಗಾಡೂದ ಆದರ ಮನಿ ಹುಡುಕ್ಕೋತ ತಿರಗಾಡು" ಅಂದರು. ಸಣ್ಣ ಕೋಣೆಯ ಬಾಡಿಗೆಗೆ ಆಕೆಯ ಖಾನಾವಳಿಯ ದುಡಿಮೆ ಸಾಕಾಗುತ್ತಿತ್ತು. ಕೋಣೆ ಕೊಡುವವರು ಬೇಕಿತ್ತು.

ಬ್ಯಾಂಕು ಮುಗಿಸಿ ದಿನವೂ ಒಂದೊಂದು ಪೇಟೆ ಸುತ್ತಿದೆ. ಬಾಗಿಲು ತೆಗೆದವರೆಲ್ಲ ನನ್ನನ್ನು ಮರ್ಯಾದೆಯಿಂದಲೇ ಮಾತಾಡಿಸಿದರು. ಕೋಣೆ ನನಗಲ್ಲ ಎಂದು ತಿಳಿದ ಮೇಲೆ ದನಿ ಬದಲಾಗುತ್ತಿತ್ತು. ಕುರುಡ ಎಡವಿ ಬಿದ್ದರೆ ಯಾರು ಹೊಣೆ? ಇಷ್ಟು ದಿನ ಎಲ್ಲಿದ್ದರು? ಫ್ಲೈಓವರ್ ಅಂದರೆ ಅಲ್ಲಿಗೆ ಮಾತು ಮುಗಿಯಿತು. ಒಬ್ಬರಂತೂ "ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ" ಅಂದರು. ಮೂರನೇ ಮಹಡಿಯ ನಮ್ಮ ಎರಡು ಕೋಣೆಗಳಲ್ಲಿ ಅತ್ತೆಯ ಹಾಸಿಗೆಯೇ ಅರ್ಧ ಜಾಗ ಹಿಡಿದಿದೆ ಎಂದು ಅವರಿಗೆ ಹೇಳುತ್ತ ನಿಲ್ಲಲಿಲ್ಲ, ಮೆಟ್ಟಿಲು ಇಳಿದೆ.

ದಸರೆಯ ಹೊತ್ತಿಗೆ ತೊಟ್ಟಿಮನೆಯಂಥ ಹಳೆಯ ವಾಡೆಯೊಂದರ ಒಡತಿ ಸಿಕ್ಕಳು. ಒಂಟಿ ಮುದುಕಿ. ಅಂಗಳದ ಸುತ್ತಲಿನ ಬಾಡಿಗೆದಾರರೆಲ್ಲ ಬಿಟ್ಟುಹೋಗಿದ್ದರು. ಗಂಡಹೆಂಡಿರನ್ನು ಎದುರಿಗೆ ನಿಲ್ಲಿಸಿಕೊಂಡು, "ಆಶ್ರಯಮನೆಯಲ್ಲಿ ಊಟ, ಸೂರು ಎರಡೂ ಇದ್ದವಲ್ಲ, ಯಾಕೆ ಬಿಟ್ಟು ಬಂದಿರಿ?" ಎಂದು ಮರಾಠಿಯಲ್ಲಿ ಕೇಳಿದಳು. "ರಾತ್ರಿ ಇವರು ನೀರ ಕೇಳಿದರ ಯಾರ್ ಕೊಡಬೇಕ್ರಿ?" ಎಂದಳು ಹೆಂಡತಿ. ಅದನ್ನು ನಾನು ಮರಾಠಿಗೆ ತಿರುಗಿಸಿ ಹೇಳಿದೆ. ಮುದುಕಿ ಎದ್ದು ಮೂಲೆಯ ಕೋಣೆಯ ಬೀಗ ತೆಗೆದಳು. "ವಾಡೆ ಬಿಲ್ಡರನ ಪಾಲಾಗುವವರೆಗೆ ಇರಲಿ" ಅಂದಳು.

ಕೋಣೆ ಸಿಕ್ಕಿತು, ನಿದ್ದೆ ಸಿಗಲಿಲ್ಲ. ಬಾಗಿಲು ಹಾಕಿದರೆ ಆತ ಎದ್ದು ಕೂರುತ್ತಿದ್ದನಂತೆ. "ಗಾಡಿ ಸಪ್ಪಳ ಇಲ್ಲ, ಮಂದಿ ಮಾತಿಲ್ಲ. ಮಣ್ಣಾಗ ಇಟ್ಟಂಗ ಆಗ್ತೈತ್ರಿ" ಎಂದು ನನ್ನ ಹತ್ತಿರ ಹೇಳಿದ. ಅಂಗಳದ ಕಟ್ಟೆಯ ಮೇಲೆ ಚಾಪೆ ಹಾಸಿಕೊಂಡ. "ಇದಕ್ಕ ಮನಿ ಮಾಡಿದ್ವೇನು?" ಎಂದು ಆಕೆ ರೇಗಿದಳು. ಒಡತಿಗೂ ನಿದ್ದೆ ಕಡಿಮೆ. ಅವಳು ಬೆಳಕು ಹರಿಯುವ ಮೊದಲೇ ರೇಡಿಯೋ ಹಿಡಿದು ಕಟ್ಟೆಗೆ ಬರತೊಡಗಿದಳು. ಕಟ್ಟಡ ಕೆಲಸದಲ್ಲಿ ಕಲಿತ ಹರಕು ಮರಾಠಿಯಲ್ಲಿ ಆತ ಮಾತಾಡುತ್ತಿದ್ದ, ಅವಳು ತಿದ್ದುತ್ತಿದ್ದಳು. ಚಳಿ ಬಂದಾಗ ಆತ ಒಳಗೆ ಹೋದ. ಬಾಗಿಲು ಮಾತ್ರ ಅರ್ಧ ತೆರೆದೇ ಇರಬೇಕು.

ಮೂರು ವರ್ಷ ಹಾಗೆ ಕಳೆಯಿತು. ಈ ಬೇಸಿಗೆಯಲ್ಲಿ ಬಿಲ್ಡರನ ಕಡೆಯವರು ಬಂದು ಟೇಪು ಹಿಡಿದು ಅಳೆದು ಹೋಗಿದ್ದಾರೆ. ಒಡತಿ ಬಾರಾಮತಿಯಲ್ಲಿರುವ ಮಗಳ ಮನೆಗೆ ಹೊರಟಿದ್ದಾಳೆ. ನಾನು ಮತ್ತೆ ಬ್ಯಾಂಕು ಮುಗಿಸಿ ಓಣಿ ಓಣಿ ತಿರುಗುತ್ತಿದ್ದೇನೆ. ಹಡಪ್ಸರದಲ್ಲಿ ನೆಲಮಹಡಿಯ ಕೋಣೆಯೊಂದು ಇದೆಯಂತೆ, ಭಾನುವಾರ ನೋಡಬೇಕು. ಸಿಗದಿದ್ದರೆ ಏನು ಗತಿ ಎಂಬುದು ಕೌಂಟರಿನಲ್ಲಿ ಕೂತಾಗಲೂ ತಲೆಯೊಳಗೆ ಓಡುತ್ತಿರುತ್ತದೆ.

ನಿನ್ನೆ ಸಂಜೆ ಹೋದಾಗ ಆಕೆ ಚಹಾ ಕಾಸಿ ಕೊಟ್ಟಳು. "ಎಷ್ಟ ತಿರಗತೀರಿ ಅಕ್ಕಾರ, ಒಂದ ಘಳಿಗಿ ಕೂಡ್ರಿ" ಅಂದಳು. ಆತ ಗೋಡೆಗೆ ಒರಗಿ ರೇಡಿಯೋ ಕೇಳುತ್ತಿದ್ದ. ಇಬ್ಬರೂ ಆರಾಮಾಗಿಯೇ ಕಂಡರು. ನಾನು ಹೊಸ್ತಿಲಲ್ಲಿ ನಿಂತೇ ಚಹಾ ಕುಡಿದೆ.