ಯಾರೂ ತಲೆಯೆತ್ತಿ ನೋಡದ ಛಾವಣಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ರಂಥಾಲಯದ ಓದುವ ಕೋಣೆಯಲ್ಲಿ ಮೇಜುಗಳೆಲ್ಲ ಹಳೆಯ ಬೆಡ್‌ಶೀಟು ಹೊದ್ದು ಮಲಗಿವೆ. ಮೊಣಕಾಲೆತ್ತರದ ಹಲಗೆಯ ಮೇಲೆ ನಿಂತ ಪೇಂಟರ್ ತಲೆಯೆತ್ತಿ ಒಂದು ಗೆರೆಯನ್ನು ನೋಡುತ್ತಿದ್ದಾರೆ. ಇವರನ್ನು ಎಲ್ಲರೂ ಕರೆಯುವುದು 'ಸೀಲಿಂಗ್ ಅಕ್ಕ' ಎಂದು. ಬಿಳಿಯ ಮೇಲೆ ಬಿಳಿಯದೇ ಗೆರೆ, ಈ ಗೋಡೆಯಿಂದ ಆ ಗೋಡೆಯವರೆಗೆ. ನನ್ನ ಕಣ್ಣಿಗೆ ಬೀಳಲು ಸ್ವಲ್ಪ ಹೊತ್ತೇ ಹಿಡಿಯಿತು.

"ಒಂದ್ಸಲ ಕಂಡ್ರೆ ಮುಗೀತು, ಆಮೇಲೆ ಅದೊಂದೇ ಕಾಣೋದು," ಎನ್ನುತ್ತಾರೆ. "ಹೋದ ವರ್ಷ ನನ್ನಿಂದಾನೇ ಉಳೀತು. ಅಳಿಸ್ತೀನಿ ಅಂದ್ರೆ ಇಲ್ಲಿನ ಲೈಬ್ರರಿ ಮೇಡಂ 'ಯಾವ ಗೆರೆ?' ಅಂತಾರೆ."

ಛಾವಣಿ ಬಳಿಯುವವರು ನಡುವೆ ನಿಲ್ಲಿಸುವಂತಿಲ್ಲ. ಬಳಿದ ಪಟ್ಟಿಯ ಅಂಚು ಹಸಿಯಾಗಿರುವಾಗಲೇ ಮುಂದಿನ ಪಟ್ಟಿ ಬಂದು ಸೇರಬೇಕು. ತಡವಾದರೆ ಕೂಡಿದ ಜಾಗ ಗೆರೆಯಾಗಿ ನಿಲ್ಲುತ್ತದೆ. ಅಕ್ಕ ಭುಜ ಕೆಡಿಸಿಕೊಂಡಿದ್ದು ಈ ನಿಯಮದಿಂದಲೇ. ಮೊದಲೇ ನೋಯುತ್ತಿದ್ದ ಬಲಭುಜ ಹೋದ ವರ್ಷ ಇದೇ ಛಾವಣಿ ಅರ್ಧ ಮುಗಿಯುವಷ್ಟರಲ್ಲಿ ಉರಿಯತೊಡಗಿತ್ತು. ಅಂಚು ಒಣಗಿಬಿಡುತ್ತದಲ್ಲ ಎಂದು ಹಲ್ಲು ಕಚ್ಚಿ, ಭುಜವನ್ನು ಕಿವಿಯವರೆಗೂ ಎತ್ತಿ, ಬಳಿಯುತ್ತಲೇ ಹೋದರು. ಕೊನೆಗೆ ತೋಳು ದೊಪ್ಪನೆ ಕೆಳಗೆ ಬಿತ್ತು. ಮತ್ತೆ ಮೇಲೇಳಲಿಲ್ಲ. ಉಳಿದರ್ಧವನ್ನು ಮರುದಿನ ಬೇರೆ ಯಾರೋ ಮುಗಿಸಿದರು.

ಆಮೇಲಿನ ದಿನಗಳಲ್ಲಿ ಅವರಿಗೆ ಜಡೆ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಗಂಡನೇ ಹಾಕುತ್ತಿದ್ದರು. "ಜಡೆ ಅಂತ ಹೆಸರು. ನೋಡಿದ್ರೆ ಸವೆದ ಬ್ರಷ್ಷು," ಎಂದು ಅಕ್ಕ ಈಗ ನಗುತ್ತಾರೆ. ಗಂಡನೂ ಪೇಂಟರ್. ಆದರೆ ತಲೆಯೆತ್ತಿದರೆ ಅವರಿಗೆ ತಲೆಸುತ್ತು. "ಮದುವೆಯಾದಾಗಿಂದ ಹಂಚಿಕೆ ಇದೇ. ಇವರಿಗೆ ಗೋಡೆ, ನನಗೆ ಸೀಲಿಂಗು. ನನ್ನ ಕೈ ಏಳಲಿಲ್ಲ ಅಂದ್ರೆ ಮುಗೀತಲ್ಲ. ಬರೀ ಗೋಡೆ ಬಳಿಯೋರನ್ನ ಯಾರು ಕರೀತಾರೆ?"

ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಹುಡುಗಿ ಒಂದು ತಟ್ಟೆಯ ಮೇಲೆ ಚೆಂಡಿಟ್ಟು ತೋರಿಸಿದಳಂತೆ. ಭುಜದ ಕೀಲು ಅಷ್ಟೇ ಆಳ, ಅಷ್ಟೇ ಸಡಿಲ. ಆದ್ದರಿಂದಲೇ ತೋಳು ಎಲ್ಲ ದಿಕ್ಕಿಗೂ ತಿರುಗುತ್ತದೆ. ಹೊರಗೆ ಟೋಪಿಯಂತೆ ಕುಳಿತ ದೊಡ್ಡ ಸ್ನಾಯು ತೋಳನ್ನು ಎತ್ತುತ್ತದೆ. ಕಣ್ಣಿಗೆ ಕಾಣುವುದು ಅದೇ. ಅದರಡಿಯಲ್ಲಿ ಹೆಗಲೆಲುಬಿನಿಂದ ಹೊರಟ ನಾಲ್ಕು ಪುಟ್ಟ ಸ್ನಾಯುಗಳು, ಮೇಲೊಂದು, ಹಿಂದೆರಡು, ಎಲುಬಿನ ಮುಂಬದಿಯಲ್ಲಿ ಪಕ್ಕೆಗಂಟಿಕೊಂಡು ಇನ್ನೊಂದು, ಚೆಂಡನ್ನು ತಟ್ಟೆಯಿಂದ ಜಾರದಂತೆ ಹಿಡಿದಿರುತ್ತವೆ. ಅವು ದಣಿದರೆ ದೊಡ್ಡದು ಚೆಂಡನ್ನು ಮೇಲಕ್ಕೆಳೆಯುತ್ತದೆ. ಆಗ ಮೇಲಿನ ಸ್ನಾಯುವಿನ ನಾರು, ಮೂಳೆಯ ಸೂರಿಗೆ ಸಿಕ್ಕಿ ನಜ್ಜಾಗುತ್ತದೆ. ರಾಕ್ಷಸನ ಪ್ರಾಣ ಅವನ ಎದೆಯಲ್ಲಿರುವುದಿಲ್ಲ, ಎಲ್ಲೋ ಒಂದು ಗಿಳಿಯ ಹೊಟ್ಟೆಯಲ್ಲಿರುತ್ತದೆ ಎಂದು ನನ್ನಜ್ಜಿ ಹೇಳುತ್ತಿದ್ದ ಕಥೆ ನೆನಪಾಗುತ್ತದೆ.

ಗಂಡ ಹೇಳಿದ್ದು ಬೇರೆ: "ಇವಳ ಭುಜದೊಳಗೂ ಒಂದು ಸೀಲಿಂಗ್ ಇದೆ ಅನ್ನಿ. ಅಲ್ಲೂ ತಿಕ್ಕೋಕೆ ಹೋಗಿದಾಳೆ."

ನಾರು ಪೂರ್ತಿ ತುಂಡಾಗಿದ್ದರೆ ಆಪರೇಷನ್ ಬೇಕಾಗಬಹುದು, ಮತ್ತೆ ಛಾವಣಿ ಬಳಿಯುವ ಮಾತು ಖಾತ್ರಿಯಿಲ್ಲ ಎಂದಿದ್ದರು ಡಾಕ್ಟರು. ಸ್ಕ್ಯಾನ್‌ನಲ್ಲಿ ನಾರು ಊದಿತ್ತು, ಸವೆದಿತ್ತು, ಆದರೆ ಹರಿದಿರಲಿಲ್ಲ. "ಹರಿದಿಲ್ಲ ಅಂದ ತಕ್ಷಣ ಕುರ್ಚಿ ಮೇಲೆ ಕೂತ್ಬಿಟ್ಟೆ. ಅಷ್ಟೊತ್ತು ನಿಂತೇ ಇದ್ದೆ ಅಂತ ಆಗ್ಲೇ ಗೊತ್ತಾಗಿದ್ದು."

ಬಾಗಿಲ ಹಿಡಿಗೆ ರಬ್ಬರ್ ಪಟ್ಟಿ ಕಟ್ಟಿ, ಕಂಕುಳಲ್ಲಿ ಸುತ್ತಿದ ಟವೆಲ್ ಇಟ್ಟು, ಮೊಣಕೈ ಪಕ್ಕೆಗೊತ್ತಿ ಅಂಗೈಯನ್ನು ಮೆಲ್ಲಗೆ ಹೊರಕ್ಕೆ ತಿರುಗಿಸುವುದು, ಇಷ್ಟೇ ವ್ಯಾಯಾಮ. "ಇದೂ ಒಂದು ಕಸರತ್ತಾ ಅಂತ ನಗು ಬಂತು. ಎರಡು ಸಲ ತಿರುಗಿಸಿದ್ಮೇಲೆ ಅಳು ಬಂತು."

ಆ ಬಳಿಕ ಇಂದೇ ಮೊದಲ ಇಡೀ ಛಾವಣಿ. ಗೆರೆಯ ಉಬ್ಬನ್ನು ನಿನ್ನೆಯೇ ಉಪ್ಪುಕಾಗದದಲ್ಲಿ ಉಜ್ಜಿದ್ದಾರೆ. ಅಂಚು ನಿಧಾನ ಒಣಗಲೆಂದು ತಂಪು ಹೊತ್ತು ಆರಿಸಿ, ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿದ್ದಾರೆ. ಪಟ್ಟಿ ಮುಗಿದಾಗಲೆಲ್ಲ ತೋಳು ಇಳಿಬಿಡಲು ಅಷ್ಟು ಬಿಡುವು ಸಾಕು. ತಲೆಯೆತ್ತದೆ ಹೆಂಡತಿಯ ಭುಜ ಕಾಣುವಷ್ಟು ದೂರದಲ್ಲಿ, ಗೋಡೆಗೊರಗಿ ಗಂಡ ನಿಂತಿದ್ದಾರೆ.

ರೋಲರ್ ಹಳೆಯ ಗೆರೆಯ ಹತ್ತಿರ ಬರುತ್ತದೆ. ಬಲಭುಜ ಮೆಲ್ಲಗೆ ಮೇಲೇರುತ್ತಿದೆ.

"ಕಿವಿ," ಎನ್ನುತ್ತಾರೆ ಗಂಡ.

ಇದು ಇವರಿಬ್ಬರ ಸಂಕೇತ. ಅಕ್ಕ ಭುಜ ಇಳಿಸುತ್ತಾರೆ. ಇನ್ನೆರಡು ಎಳೆತ. "ಕಿವಿ ಕಣೇ." ಅಕ್ಕ ನಿಲ್ಲಿಸಿ ರೋಲರ್‌ನ ಕೋಲು ಕೆಳಗಿಡುತ್ತಾರೆ, ಪಟ್ಟಿಯ ನಡುವೆಯೇ.

"ಕೊಡೇ ಇಲ್ಲಿ, ಉಳಿದಿದ್ದು ನಾನು ಮಾಡ್ತೀನಿ."

"ನೀವು ತಲೆ ಎತ್ತಿದ್ರೆ ನಿಮ್ಮನ್ನೂ ನಾನೇ ಹಿಡ್ಕೋಬೇಕು. ಸುಮ್ನಿರಿ."

ಮೇಲೆ ಅಂಚು ಇನ್ನೂ ಹೊಳೆಯುತ್ತಿದೆ. ಅಕ್ಕ ಹೆಗಲೆಲುಬುಗಳನ್ನು ಹಿಂದಕ್ಕೂ ಕೆಳಕ್ಕೂ ಸರಿಸಿ, ಉಸಿರೆಳೆದು, ಎರಡೂ ಕೈಯಲ್ಲಿ ಕೋಲು ಎತ್ತುತ್ತಾರೆ. ಹಸಿ ಹಸಿಯನ್ನು ಸೇರುತ್ತದೆ. ರೋಲರ್ ಗೆರೆಯನ್ನು ದಾಟುತ್ತದೆ.

ಬಣ್ಣ ಒಣಗುವಷ್ಟರಲ್ಲಿ ಬಿಸಿಲು ಬಂದಿದೆ. ಕಿಟಕಿ ತೆರೆದರೆ ಎಳೆಬಿಸಿಲಿನ ಬೆಳಕು ಛಾವಣಿಗೆ ಓರೆಯಾಗಿ ಹರಡುತ್ತದೆ. ಗೆರೆಯಿದ್ದರೆ ಈ ಬೆಳಕು ಬಚ್ಚಿಡುವುದಿಲ್ಲ. ಅಕ್ಕ ಮೂಲೆಯಿಂದ ಮೂಲೆಗೆ ನೋಡುತ್ತಾರೆ. ಗಂಡ ನೋಡುವುದು ಅಕ್ಕನ ಮುಖವನ್ನು.

"ಇದೆಯಾ?"

"ಇಲ್ಲ ಕಣ್ರೀ."

ಗಂಡ ಕುಳಿತುಬಿಡುತ್ತಾರೆ, ಬೆಡ್‌ಶೀಟು ಹೊದ್ದ ಮೇಜಿನ ಮೇಲೆಯೇ. ಅಕ್ಕ ಎರಡೂ ಕೈ ತಲೆಯ ಹಿಂದಕ್ಕೆ ಒಯ್ದು, ಬಿಚ್ಚಿದ ಜಡೆಯನ್ನು ತಾವೇ ಹೆಣೆದುಕೊಳ್ಳುತ್ತಾರೆ.

ಬಾಗಿಲು ತೆರೆದಾಗ ಮೊದಲು ಬಂದವರು ಒಬ್ಬ ಹಿರಿಯರು. ಬಣ್ಣದ ವಾಸನೆಗೆ ಮೂಗು ಮುರಿದು, ಕಿಟಕಿ ಪಕ್ಕದ ಕುರ್ಚಿ ಎಳೆದುಕೊಂಡು, ಪತ್ರಿಕೆ ಬಿಡಿಸಿ ತಲೆತಗ್ಗಿಸುತ್ತಾರೆ.

ಅಕ್ಕ ನನ್ನ ಮೊಣಕೈ ತಿವಿದು ಪಿಸುಗುಡುತ್ತಾರೆ: "ನೋಡಿದ್ರಾ? ಮೇಲೆ ನೋಡ್ಲೇ ಇಲ್ಲ."